ಬಯಲುಸೀಮೆಯ ಅಂಗಳಕ್ಕೊಂದು ಪಗಡೆ ಮರ: ನೆಡೋದು, ನೀರು ಹಾಕೋದು, ಸಾಕೋದು

ಶಿವರಾತ್ರಿ ಕಳೆದು ಯುಗಾದಿ ಇನ್ನೂ ಬಂದಿರುವುದಿಲ್ಲ. ಚಿಂತಾಮಣಿಯ ನಮ್ಮ ಬೀದಿಯಲ್ಲಿ ಆಗ ನೆರಳಿಗೇ ಬರ. ಗುಲ್‌ಮೊಹರ್ ಬರೀ ಕಡ್ಡಿಯಾಗಿರುತ್ತದೆ. ಹೊಂಗೆ ಎಲೆ ಉದುರಿಸಿ ಚಿಗುರಿಗೆ ಕಾಯುತ್ತಿರುತ್ತದೆ. ನಮ್ಮ ಮನೆ ಮುಂದಿನ ಪಗಡೆ ಮಾತ್ರ ಕೊಡೆ ಬಿಚ್ಚಿದ ಹಾಗೆ ಹಸಿರಾಗಿ ನಿಂತಿರುತ್ತದೆ. ಎಳನೀರು ಮಾರುವವರು ಗಾಡಿ ತಂದು ಅದರ ಕೆಳಗೇ ನಿಲ್ಲಿಸುತ್ತಾರೆ. ಮಧ್ಯಾಹ್ನ ಎರಡು ಗಂಟೆಗೆ ಅಲ್ಲಿ ನಿಂತರೆ ಗೊತ್ತಾಗುತ್ತದೆ ಯಾಕೆ ಅಂತ.

ಅದನ್ನು ನೆಟ್ಟು 11 ವರ್ಷವಾಯಿತು. ನಾಲ್ಕನೇ ಬೇಸಿಗೆಯಿಂದ ಈಚೆಗೆ ನಾವು ಅದಕ್ಕೆ ನೀರು ಹಾಕಿದ್ದೇ ಕಡಿಮೆ. ಆದರೆ ಅದಕ್ಕೂ ಮುಂಚೆ ಅದೇ ಜಾಗದಲ್ಲಿ ಒಂದು ಸಸಿ ಸತ್ತಿತ್ತು. ಅದರಿಂದ ಕಲಿತದ್ದನ್ನೇ ಮೊದಲು ಹೇಳಿಬಿಡುತ್ತೇನೆ.

ಆ ಸಸಿಯನ್ನು ಜೂನ್ 5ರಂದು ನೆಟ್ಟಿದ್ದೆವು. ಪರಿಸರ ದಿನ, ಬೀದಿಯವರೆಲ್ಲ ಸೇರಿದ್ದರು. ಸಸಿ ಮಾರಿದವರು "ಇದು ಕಾಡು ಮರ ಅಕ್ಕ, ನೀರೇ ಬೇಡ ಇದಕ್ಕೆ" ಅಂದಿದ್ದರು. ನಾವು ನಂಬಿದೆವು. ಜುಲೈ ಪೂರ್ತಿ ಬರೀ ಮೋಡ, ಗಾಳಿ. ಹನಿ ಬೀಳಲಿಲ್ಲ. ಆಷಾಢದ ಗಾಳಿ ಬಿಸಿಲಿಗಿಂತ ಬೇಗ ಸಸಿಯನ್ನು ಒಣಗಿಸುತ್ತದೆ. ತಿಂಗಳೊಪ್ಪತ್ತಿನಲ್ಲಿ ಎಲೆಯೆಲ್ಲ ತರಗಾಯಿತು. ಕಿತ್ತು ನೋಡಿದೆ. ಬೇರು ಇನ್ನೂ ಚೀಲದ ಆಕಾರದಲ್ಲೇ ಇತ್ತು, ಲೋಟದಿಂದ ಬೋರಲು ಹಾಕಿದ ಇಡ್ಲಿಯ ಹಾಗೆ ದುಂಡಗೆ. ಒಂದೇ ಒಂದು ಬೇರೂ ಪಕ್ಕದ ಮಣ್ಣಿಗೆ ಇಳಿದಿರಲಿಲ್ಲ. ಪಕ್ಕದಲ್ಲಿ ತೇವ ಇದ್ದಿದ್ದರೂ ಅದಕ್ಕೆ ಸಿಗುತ್ತಿರಲಿಲ್ಲ.

ಬರ ತಡೆಯುವುದು ಮರ, ಸಸಿಯಲ್ಲ. ಬೇರು ಆಳಕ್ಕೆ ಇಳಿದ ಮೇಲೆ ಪಗಡೆ ಯಾವ ಬೇಸಿಗೆಗೂ ಜಗ್ಗುವುದಿಲ್ಲ. ಅಲ್ಲಿಯವರೆಗೆ ಅದು ಟೊಮ್ಯಾಟೊ ಸಸಿಯಷ್ಟೇ ಮೆತ್ತಗೆ. ಬೇರನ್ನು ಕೆಳಗೆ ಇಳಿಸುವುದೇ ಮೊದಲ ಮೂರು ವರ್ಷದ ಕೆಲಸ. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಮುಕ್ಕಾಲು ಪಾಲು ಆ ಮೂರು ವರ್ಷದ್ದೇ.

ಪಗಡೆ ಅಂದರೆ ಯಾವುದು

ಬಕುಳ ಅಂದರೂ ಇದೇ. ಕರಾವಳಿ, ಮಲೆನಾಡಿನಲ್ಲಿ ರೆಂಜೆ, ರಂಜಲು ಅನ್ನುತ್ತಾರೆ. ನಮ್ಮ ಕಡೆ ತೆಲುಗು ಮನೆಮಾತಿನವರು ಜಾಸ್ತಿ, ಅವರಿಗೆ ಇದು ಪೊಗಡ. ಶಾಸ್ತ್ರೀಯ ಹೆಸರು ಮಿಮುಸಾಪ್ಸ್ ಎಲೆಂಜಿ. ನರ್ಸರಿಯಲ್ಲಿ ಒಂದು ಹೆಸರಿಗೆ ಗೊತ್ತಾಗದಿದ್ದರೆ ಇನ್ನೊಂದು ಹೆಸರು ಹೇಳಿ. ಎಲೆ ದಪ್ಪ, ಹೊಳಪು, ಅಂಚು ಅಲೆ ಅಲೆಯಾಗಿರುತ್ತದೆ. ಮುರಿದರೆ ಹಾಲು ಬರುತ್ತದೆ. ಸಪೋಟ, ಹಿಪ್ಪೆ ಇವೆರಡರ ಬಳಗವೇ ಇದು.

ಮನೆ ಹತ್ತಿರಕ್ಕೆ ನಾನು ಇದನ್ನೇ ಹೇಳುವುದಕ್ಕೆ ಕಾರಣವಿದೆ. ವರ್ಷವಿಡೀ ಹಸಿರು. ಎಲೆ ಒಟ್ಟಿಗೆ ಉದುರದೆ ದಿನಕ್ಕಿಷ್ಟು ಅಂತ ಬೀಳುತ್ತದೆ. ನಮ್ಮಂಥ ಒಣ ಸೀಮೆಯಲ್ಲಿ 25-30 ಅಡಿಗೆ ನಿಂತು ದುಂಡಗೆ ಹರಡಿಕೊಳ್ಳುತ್ತದೆ. ಕೊಂಬೆ ಗಟ್ಟಿ, ಗುಲ್‌ಮೊಹರ್ ಹಾಗೆ ಗಾಳಿಗೆ ಮುರಿದು ಕಾರಿನ ಮೇಲೆ ಬೀಳುವುದಿಲ್ಲ. ಹೂವಿನ ವಿಷಯ ಕೊನೆಗೆ ಹೇಳುತ್ತೇನೆ.

ಒಂದೇ ಕೊರತೆ ಅಂದರೆ ನಿಧಾನ. ಮೊದಲ ಎರಡು ವರ್ಷ ಬೆಳೆಯುತ್ತಲೇ ಇಲ್ಲ ಅನಿಸುತ್ತದೆ. ಆ ತಾಳ್ಮೆ ಇಲ್ಲದೆಯೇ ಕೆಲವರು ಬೇಗ ಬೆಳೆಯುವ ಕೊನೊಕಾರ್ಪಸ್ ಗಿಡ ತಂದು ಸಾಲಾಗಿ ಹಾಕುತ್ತಾರೆ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಬೇಗ ಬೆಳೆಯುವ ಮರಕ್ಕೆ ಆಸೆಪಟ್ಟು ಏನಾಗುತ್ತದೆ ಅಂತ ನೀಲಗಿರಿ ತೋಪುಗಳನ್ನು ಕಂಡ ಕೋಲಾರ, ಚಿಕ್ಕಬಳ್ಳಾಪುರದವರಿಗೆ ನಾನು ಹೇಳಬೇಕಾಗಿಲ್ಲ.

ಮೊದಲು ಜಾಗ

ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳಬೇಕು. ಮನೆಯ ಪಶ್ಚಿಮ ಅಥವಾ ನೈಋತ್ಯಕ್ಕೆ ನೆಟ್ಟರೆ ಮಧ್ಯಾಹ್ನದ ಬಿಸಿಲು ಗೋಡೆಗೆ ಬೀಳದ ಹಾಗೆ ತಡೆಯುತ್ತದೆ. ಸಂಜೆ ಆ ಕೋಣೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಗೋಡೆಯಿಂದ, ಸಂಪಿನಿಂದ 10-12 ಅಡಿ ದೂರ ಇರಲಿ. ಮೇಲೆ ಕರೆಂಟು ತಂತಿ ಇದೆಯಾ ನೋಡಿ. ಇವತ್ತು ಮೂರಡಿ ಇರುವ ಸಸಿಗೂ ತಂತಿಗೂ ಸಂಬಂಧವೇ ಇಲ್ಲ ಅನಿಸುತ್ತದೆ. ಹದಿನೈದು ವರ್ಷ ಬಿಟ್ಟು ಅರ್ಧ ಮರವನ್ನೇ ಕಡಿದು ಹಾಕುತ್ತಾರೆ, ನೋಡಲಾಗುವುದಿಲ್ಲ.

ಮೂವತ್ತು ನಲವತ್ತರ ಸೈಟು, ಸುತ್ತ ಮೂರಡಿ ಮಾತ್ರ ಜಾಗ ಬಿಟ್ಟಿದ್ದೀರಿ ಅಂದರೆ ಕಾಂಪೌಂಡಿನ ಒಳಗೆ ನೆಡಬೇಡಿ. ಅಲ್ಲಿಗೆ ಕರಿಬೇವು, ದಾಸವಾಳ ಸಾಕು. ಪಗಡೆಯನ್ನು ರಸ್ತೆ ಬದಿಗೆ ನಗರಸಭೆಯವರನ್ನು ಕೇಳಿ ಹಾಕಿ, ಇಲ್ಲವೇ ಬಡಾವಣೆಯ ಪಾರ್ಕಿಗೆ, ದೇವಸ್ಥಾನದ ಅಂಗಳಕ್ಕೆ ಕೊಡಿ.

ಸಸಿ ಆರಿಸುವಾಗ

ಎತ್ತರ ನೋಡಿ ಮರುಳಾಗಬೇಡಿ. ಚಿಕ್ಕ ಚೀಲದಲ್ಲಿ ಐದಡಿ ಬೆಳೆದ ಸಸಿ ಅಂದರೆ ಅದರ ಬೇರು ಒಳಗೆ ಸುತ್ತಿ ಸುತ್ತಿ ಹಗ್ಗವಾಗಿದೆ ಅಂತ ಅರ್ಥ. ಎಂಟು ಹನ್ನೆರಡು ಅಂಗುಲದ ಚೀಲದಲ್ಲಿ ಎರಡಡಿ, ಹತ್ತು ಹದಿನಾರು ಅಂಗುಲದ ಚೀಲದಲ್ಲಿ ಮೂರು ಮೂರೂವರೆ ಅಡಿ ಇದ್ದರೆ ಅಳತೆ ಸರಿ. ಕಾಂಡ ಒಂದೇ ಇರಲಿ. ಕಡ್ಡಿಯ ಆಸರೆ ಬಿಚ್ಚಿದರೂ ತಾನೇ ನಿಲ್ಲುವಂತಿರಲಿ. ತುದಿ ಮುರಿದಿರಬಾರದು.

ಚೀಲದ ತಳ ನೋಡಿ. ದಪ್ಪ ಬೇರು ತೂತು ಮಾಡಿಕೊಂಡು ನೆಲಕ್ಕೆ ಇಳಿದಿದ್ದರೆ, ಎತ್ತುವಾಗ ಪಟ್ ಅಂತ ಹರಿದರೆ, ಆ ಸಸಿ ಬೇಡ. ತಾಯಿಬೇರೇ ಹೋಯಿತು ಅದರದ್ದು. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಮಳೆಗಾಲದ ಹೊತ್ತಿಗೆ ಕಡಿಮೆ ಬೆಲೆಗೆ ಸಸಿ ಸಿಗುತ್ತವೆ, ಮೊದಲು ಅಲ್ಲಿ ವಿಚಾರಿಸಿ.

ತಂದ ದಿನವೇ ನೆಡಬೇಡಿ. ನರ್ಸರಿಯ ಹಸಿರು ಬಲೆಯ ಕೆಳಗಿನಿಂದ ಬಂದ ಸಸಿಗೆ ನಮ್ಮ ಬಿಸಿಲು ಹೊಸದು. ಹತ್ತು ದಿನ ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆ ಇಟ್ಟು ರೂಢಿ ಮಾಡಿಸಿ.

ಗುಂಡಿ

ಗುಂಡಿಯನ್ನು ಮೇ ತಿಂಗಳಲ್ಲೇ ತೋಡಿಸಿ. ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ಗರಸು ನೆಲವಾದರೆ ಮೂರಡಿ. ಮೇಲಿನ ಒಂದಡಿ ಮಣ್ಣು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಹಾಕಿಸಿ. ಹದಿನೈದು ದಿನ ಬಿಸಿಲು ಕುಡಿಯಲಿ.

ನಮ್ಮ ಮನೆ ಮುಂದೆ ಒಂದೂವರೆ ಅಡಿಗೆ ಗಟ್ಟಿ ಪದರ ಸಿಕ್ಕಿತು. "ಗಡಾರಿನೇ ಇಳೀತಿಲ್ಲ ಅಮ್ಮ, ಇಷ್ಟಕ್ಕೇ ಬಿಡೋಣ" ಅಂದರು ತೋಡುತ್ತಿದ್ದವರು. "ಇನ್ನೊಂದು ಗೇಣು ನೋಡಣ್ಣ, ಕಾಫಿ ಕುಡಿದು ಶುರು ಮಾಡು" ಅಂದೆ. ಗುಂಡಿಗೆ ನಾಲ್ಕು ಬಿಂದಿಗೆ ನೀರು ತುಂಬಿಸಿ ರಾತ್ರಿ ಬಿಟ್ಟೆವು. ಬೆಳಿಗ್ಗೆ ಆ ಪದರ ಮೆತ್ತಗಾಗಿತ್ತು. ಗಡಾರಿಯಲ್ಲಿ ನಾಲ್ಕು ಕಡೆ ಚುಚ್ಚಿ ಒಡೆದೆವು. ಕೆಳಗೆ ಮತ್ತೆ ಪುಡಿ ಮಣ್ಣು. ಅವತ್ತು ಬಿಟ್ಟಿದ್ದರೆ ಬೇರು ಕುಂಡದಲ್ಲಿ ಇದ್ದ ಹಾಗೆ ಅಲ್ಲೇ ಸುತ್ತುತ್ತಿತ್ತು. ಗುಂಡಿಗೆ ನೀರು ತುಂಬಿ ನೋಡುವುದರಿಂದ ಇನ್ನೊಂದು ಲಾಭವಿದೆ. ಮಾರನೇ ದಿನವೂ ನೀರು ಹಾಗೇ ನಿಂತಿದ್ದರೆ, ಕೆರೆ ಅಚ್ಚುಕಟ್ಟಿನ ಜೇಡಿಯಲ್ಲಿ ಹಾಗಾಗುತ್ತದೆ, ಆ ಜಾಗದಲ್ಲಿ ಗುಂಡಿಯ ಬದಲು ಒಂದಡಿ ದಿಬ್ಬ ಮಾಡಿ ಅದರ ಮೇಲೆ ನೆಡಿ. ಪಗಡೆ ಒಣಗನ್ನು ಸಹಿಸುತ್ತದೆ, ಎಳೆಯದರಲ್ಲಿ ಕೊಳೆಯುವುದನ್ನು ಸಹಿಸುವುದಿಲ್ಲ.

ಮುಚ್ಚುವಾಗ ಮೇಲ್ಮಣ್ಣು ಮೂರು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಅರ್ಧ ಕೆಜಿ ಬೇವಿನ ಹಿಂಡಿ. ತೀರ ಗರಸಾಗಿದ್ದರೆ ಒಂದೆರಡು ಬಾಂಡ್ಲಿ ಕೆರೆ ಗೋಡು ಸೇರಿಸಿ. ಹಸಿ ಸಗಣಿ ಮಾತ್ರ ಬೇಡವೇ ಬೇಡ. ಕೆಂಪು ಮಣ್ಣಿನಲ್ಲಿ ಗೆದ್ದಲನ್ನು ಕೈ ಮಾಡಿ ಕರೆದ ಹಾಗಾಗುತ್ತದೆ.

ನೆಡುವ ದಿನ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜೂನ್ ಮಳೆ ಆಸೆ ತೋರಿಸಿ ಹೋಗುತ್ತದೆ. ಅದಕ್ಕೇ ನನ್ನ ಲೆಕ್ಕ ಆಶ್ಲೇಷ, ಮಘ ಮಳೆಯ ಹೊತ್ತು, ಅಂದರೆ ಆಗಸ್ಟ್. ಒಂದು ಹದ ಮಳೆ ಬಿದ್ದು ಗುಂಡಿಯ ಮಣ್ಣು ನೆನೆದ ಮೇಲೆ ನೆಡಿ. ಮುಂದೆ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ಅಂತ ಎರಡು ತಿಂಗಳ ಮಳೆ ಸಸಿಯ ಕೈ ಹಿಡಿಯುತ್ತದೆ. ಪರಿಸರ ದಿನಕ್ಕೆ ನೆಡಲೇಬೇಕು ಅಂತಿದ್ದರೆ ನೆಡಿ, ಆದರೆ ಮಳೆ ಹಿಡಿಯುವವರೆಗೆ ವಾರಕ್ಕೆ ಎರಡು ಸಲ ನೀರು ಹಾಕುವವರು ಯಾರು ಅಂತ ಅವತ್ತೇ ತೀರ್ಮಾನ ಮಾಡಿಕೊಳ್ಳಿ.

ನೆಡುವ ಹಿಂದಿನ ರಾತ್ರಿ ಚೀಲಕ್ಕೆ ಪೂರ್ತಿ ನೀರು ಹಾಕಿ. ಸಂಜೆ ನಾಲ್ಕರ ಮೇಲೆ ನೆಡಿ. ಬ್ಲೇಡಿನಿಂದ ಚೀಲವನ್ನು ಉದ್ದಕ್ಕೆ ಸೀಳಿ ಪೂರ್ತಿ ತೆಗೆಯಿರಿ. ತಳ ಮಾತ್ರ ಕತ್ತರಿಸಿ ಉಳಿದ ಪ್ಲಾಸ್ಟಿಕ್ ಸಮೇತ ಹೂಳುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಬೇರಿನ ಉಂಡೆಯನ್ನು ತಿರುಗಿಸಿ ನೋಡಿ. ಸುತ್ತಿಕೊಂಡ ಬೇರು ಕಂಡರೆ ಬೆರಳಿನಿಂದ ಬಿಡಿಸಿ, ಬಿಡಿಸಲಾಗದಿದ್ದರೆ ಕತ್ತರಿಸಿ. ತಳದಲ್ಲಿ ಜಿಲೇಬಿ ಹಾಗೆ ಸುತ್ತಿದ್ದರೆ ಕೆಳಗಿನ ಒಂದು ಅಂಗುಲವನ್ನು ಚೂರಿಯಲ್ಲಿ ತೆಗೆದುಬಿಡಿ. ನೋವಾಗುತ್ತೆ ಅನಿಸುತ್ತದೆ ಅಲ್ವಾ? ಬಿಟ್ಟರೆ ಮುಂದೆ ಆ ಬೇರೇ ಮರದ ಕುತ್ತಿಗೆ ಬಿಗಿಯುತ್ತದೆ.

ಚೀಲದಲ್ಲಿ ಮಣ್ಣು ಎಲ್ಲಿಯವರೆಗೆ ಇತ್ತೋ ನೆಲದಲ್ಲೂ ಅಲ್ಲಿಯವರೆಗೆ ಮಾತ್ರ. ಕಾಂಡಕ್ಕೆ ಮಣ್ಣು ಏರಿಸಬೇಡಿ. ಕಾಲಿನಿಂದ ಜೋರಾಗಿ ತುಳಿಯದೆ ಕೈಯಲ್ಲಿ ಒತ್ತಿ. ಎರಡು ಬಿಂದಿಗೆ ನೀರು ನಿಧಾನಕ್ಕೆ ಹಾಕಿ. ಮಣ್ಣು ಕುಸಿದ ಕಡೆ ಇನ್ನಷ್ಟು ತುಂಬಿ.

ನೀರು: ಮೊದಲ ಮೂರು ಬೇಸಿಗೆ

ಹೆಚ್ಚಿನವರು ದಿನಾ ಸಂಜೆ ಪೈಪ್ ಹಿಡಿದು ಎರಡು ನಿಮಿಷ ನೀರು ಬಿಡುತ್ತಾರೆ. ಮಣ್ಣು ಒದ್ದೆಯಾಗಿ ಕಾಣುತ್ತದೆ, ಮನಸ್ಸಿಗೂ ಸಮಾಧಾನ. ಆದರೆ ಆ ನೀರು ಮೂರು ಅಂಗುಲ ಇಳಿದರೆ ಹೆಚ್ಚು. ನೀರು ಎಲ್ಲಿದೆಯೋ ಬೇರು ಅಲ್ಲೇ ಇರುತ್ತದೆ. ಮೇಲೆಮೇಲೆ ಹರಡಿದ ಬೇರು ನೀವು ಒಂದು ವಾರ ಊರಿಗೆ ಹೋದರೂ ಸುಟ್ಟು ಹೋಗುತ್ತದೆ. ನೀರು ವಿರಳವಾಗಿರಲಿ, ಹಾಕಿದಾಗ ಆಳಕ್ಕೆ ಇಳಿಯಲಿ.

ನಾನು ಪಾಲಿಸಿದ ಲೆಕ್ಕ ಹೀಗಿದೆ. ನೆಟ್ಟ ಮೊದಲ ಮೂರು ತಿಂಗಳು, ಮಳೆ ಬಾರದ ವಾರ ಎರಡು ಸಲ, ಸಲಕ್ಕೆ 10 ಲೀಟರ್. ಡಿಸೆಂಬರ್‌ನಿಂದ ಜನವರಿವರೆಗೆ ವಾರಕ್ಕೊಮ್ಮೆ 15 ಲೀಟರ್. ಮೊದಲ ಬೇಸಿಗೆ, ಫೆಬ್ರುವರಿಯಿಂದ ಮೇವರೆಗೆ, ಐದಾರು ದಿನಕ್ಕೊಮ್ಮೆ 20 ಲೀಟರ್. ಎರಡನೇ ಬೇಸಿಗೆ ಹತ್ತು ಹನ್ನೆರಡು ದಿನಕ್ಕೊಮ್ಮೆ 30 ಲೀಟರ್. ಮೂರನೇ ಬೇಸಿಗೆ ಮೂರು ವಾರಕ್ಕೊಮ್ಮೆ 40 ಲೀಟರ್. ನಾಲ್ಕನೇ ವರ್ಷದಿಂದ ಮಳೆ ಪೂರ್ತಿ ಕೈಕೊಟ್ಟ ವರ್ಷ ಮಾತ್ರ ತಿಂಗಳಿಗೊಮ್ಮೆ. ಪಾವಗಡ, ಶಿರಾ, ಗೌರಿಬಿದನೂರು, ಬಾಗೇಪಲ್ಲಿ ಕಡೆ ಬಿಸಿಲು ಜಾಸ್ತಿ, ಗಾಳಿ ಒಣ. ಅಲ್ಲಿ ಒಂದೆರಡು ದಿನ ಮುಂಚೆಯೇ ಹಾಕಿ.

ನಿಧಾನಕ್ಕೆ ಇಳಿಸುವುದು ಹೇಗೆ? 20 ಲೀಟರಿನ ಹಳೇ ಕ್ಯಾನಿನ ತಳದ ಮೂಲೆಯಲ್ಲಿ ದಬ್ಬಳ ಕಾಯಿಸಿ ಒಂದು ತೂತು ಮಾಡಿ. ಸಸಿಯಿಂದ ಒಂದಡಿ ದೂರದಲ್ಲಿಟ್ಟು ನೀರು ತುಂಬಿ ಮುಚ್ಚಳ ಸಡಿಲ ಬಿಡಿ. ಎರಡು ಮೂರು ಗಂಟೆಯಲ್ಲಿ ಹನಿ ಹನಿಯಾಗಿ ಇಳಿದು ಹೋಗುತ್ತದೆ. ಪ್ರತಿ ಸಲ ಕ್ಯಾನಿನ ದಿಕ್ಕು ಬದಲಿಸಿ, ಇಲ್ಲದಿದ್ದರೆ ಬೇರು ಒಂದೇ ಕಡೆ ಹೋಗುತ್ತದೆ. ಡ್ರಿಪ್ ಇದ್ದವರಿಗೆ ಇನ್ನೂ ಸುಲಭ. ಗಂಟೆಗೆ ನಾಲ್ಕು ಲೀಟರಿನ ಎರಡು ಡ್ರಿಪ್ಪರ್ ಹಾಕಿ ಮೂರು ಗಂಟೆ ಬಿಟ್ಟರೆ 24 ಲೀಟರ್ ಆಯಿತು. ವರ್ಷ ವರ್ಷ ಅವನ್ನು ಬುಡದಿಂದ ಹೊರಗೆ ಸರಿಸಿ, ಕೊಂಬೆಗಳ ತುದಿ ಎಲ್ಲಿದೆಯೋ ಅದರ ಕೆಳಗೆ ಬರುವ ಹಾಗೆ.

ಇಳಿದಿದೆಯೋ ಇಲ್ಲವೋ ನೋಡಲು ನನ್ನ ಹತ್ತಿರ ಎರಡಡಿಯ ಕಬ್ಬಿಣದ ಸರಳು ಇದೆ, ಮನೆ ಕಟ್ಟಿದಾಗ ಮಿಕ್ಕ ಎಂಟು ಎಂ.ಎಂ. ಕಂಬಿ. ನೀರು ಹಾಕಿದ ಮಾರನೇ ಬೆಳಿಗ್ಗೆ ಅದನ್ನು ಮಣ್ಣಿಗೆ ಒತ್ತುತ್ತೇನೆ. ಕೆಂಪು ಮಣ್ಣು ನೆನೆದಷ್ಟು ದೂರ ಸಲೀಸಾಗಿ ಇಳಿಯುತ್ತದೆ, ಒಣ ಮಣ್ಣು ಬಂದ ಕೂಡಲೇ ಟಕ್ ಅಂತ ನಿಲ್ಲುತ್ತದೆ. ಮೊದಲ ಸಲ ಒತ್ತಿದಾಗ ಅಂಗೈ ಉದ್ದವೂ ಇಳಿಯಲಿಲ್ಲ. ಅಷ್ಟು ದಿನ ಎಷ್ಟು ನೀರು ಸುಮ್ನೆ ಆವಿಯಾಗಿ ಹೋಗಿತ್ತು ಅಂತ ಆಗ ಗೊತ್ತಾಯಿತು. ಒಂದೂವರೆ ಅಡಿ ಇಳಿಯಬೇಕು. ಇಳಿಯದಿದ್ದರೆ ಇನ್ನಷ್ಟು ನೀರು ಹಾಕಿ.

ನೀರು ಬೇಕಾ ಬೇಡವಾ ಅಂತ ಸಸಿಯೇ ಹೇಳುತ್ತದೆ. ಮಧ್ಯಾಹ್ನ ಎಳೆ ಎಲೆ ಜೋತು ಸಂಜೆಗೆ ಎದ್ದು ನಿಂತರೆ ಚಿಂತೆ ಇಲ್ಲ. ಬೆಳಿಗ್ಗೆ ಆರು ಗಂಟೆಗೂ ಜೋತಿದ್ದರೆ ಅವತ್ತೇ ಹಾಕಿ.

ಯಾವ ನೀರು ಅನ್ನುವುದೂ ಮುಖ್ಯ. ನಮ್ಮ ಬೋರ್‌ವೆಲ್ ನೀರು ಗಡಸು. ಆರ್.ಓ. ಮೆಷಿನ್‌ನಿಂದ ಹೊರಗೆ ಬರುವ ನೀರಿನಲ್ಲಿ ಆ ಉಪ್ಪೆಲ್ಲ ಇನ್ನೂ ದಪ್ಪಗಾಗಿರುತ್ತದೆ. ನೀರು ಪೋಲಾಗಬಾರದು ಅಂತ ಅದನ್ನೇ ದಿನಾ ಸಸಿಗೆ ಹಾಕಿದರೆ ಮಣ್ಣಿನ ಮೇಲೆ ಬಿಳಿ ಪದರ ಕಟ್ಟುತ್ತದೆ, ಎಲೆಯ ಅಂಚು ಕಂದಾಗಿ ಸುಡುತ್ತದೆ. ಅದು ನೆಲ ಒರೆಸುವುದಕ್ಕೆ ಇರಲಿ. ಬಟ್ಟೆ ಸೋಪಿನ ನೀರೂ ಬೇಡ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು ಚಿನ್ನ.

ಎಲ್ಲಕ್ಕಿಂತ ಒಳ್ಳೆಯದು ಮಳೆ ನೀರು. ಸಾವಿರ ಚದರಡಿ ಮಾಡಿನ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಹೆಚ್ಚು ಕಡಿಮೆ 2300 ಲೀಟರ್ ನೀರು. ಅಷ್ಟೂ ಚರಂಡಿಗೆ ಹೋಗುತ್ತದೆ. ಮಾಡಿನ ಒಂದು ಪೈಪಿನ ನೀರನ್ನಾದರೂ ಮರದಿಂದ ಐದಾರು ಅಡಿ ದೂರದ ಒಂದು ಚಿಕ್ಕ ಇಂಗುಗುಂಡಿಗೆ ತಿರುಗಿಸಿ. ಎರಡಡಿ ಆಳ ತೋಡಿ ದಪ್ಪ ಜಲ್ಲಿ ತುಂಬಿದರೆ ಸಾಕು. ಸೆಪ್ಟೆಂಬರ್‌ನ ಆ ನೀರು ಕೆಳಗೆ ಇಳಿದು, ಬೇರನ್ನೂ ತನ್ನ ಹಿಂದೆ ಕರೆದುಕೊಂಡು ಹೋಗುತ್ತದೆ. ಸಾವಿರ, ಸಾವಿರದೈನೂರು ಅಡಿ ಬೋರ್ ಕೊರೆಸುವ ಊರಿನಲ್ಲಿ ಇಷ್ಟು ನೀರನ್ನು ಬೀದಿಗೆ ಬಿಡಲು ಮನಸ್ಸಾದರೂ ಹೇಗೆ ಬರುತ್ತದೆ?

ಬುಡಕ್ಕೆ ಹೊದಿಕೆ

ಬೇಸಿಗೆಗೆ ಮುಂಚೆ ಬುಡದ ಸುತ್ತ ಮೂರಡಿ ಅಗಲಕ್ಕೆ, ಮೂರು ಅಂಗುಲ ದಪ್ಪಕ್ಕೆ ಸೊಪ್ಪು ಸದೆ ಹೊದಿಸಿ. ರಾಗಿ ಹುಲ್ಲು ಹಾಕಿ ಅನ್ನುವುದಿಲ್ಲ, ಅದು ದನಕ್ಕೆ ಬೇಕು. ಹೊಂಗೆ ಸೊಪ್ಪು, ಕಡಲೆಕಾಯಿ ಸಿಪ್ಪೆ, ತೆಂಗಿನ ಸಿಪ್ಪೆಯ ನಾರು, ಒಣಗಿದ ಎಲೆ ಯಾವುದಾದರೂ ಆಗುತ್ತದೆ. ನಮ್ಮ ಮನೆಯಲ್ಲಿ ಡಿಸೆಂಬರ್, ಜನವರಿ ಅಂದರೆ ಅವರೆಕಾಯಿ ಕಾಲ. ದಿನಾ ಸಂಜೆ ಅತ್ತೆಯೂ ನಾನೂ ಕೂತು ಬಿಡಿಸಿದ ಸಿಪ್ಪೆ ಒಂದು ಮಂಕರಿ ಆಗುತ್ತದೆ. ಅದನ್ನು ಟೆರೇಸ್ ಮೇಲೆ ಎರಡು ದಿನ ಒಣಗಿಸಿ ಮರದ ಬುಡಕ್ಕೆ ಹಾಕುತ್ತೇವೆ. ಒಣಗಿಸದೆ ಹಾಕಿದರೆ ಬೀದಿ ಹಸುಗಳು ಸಿಪ್ಪೆ ಜತೆ ಸಸಿಯನ್ನೂ ತಿನ್ನುತ್ತವೆ. ಮಳೆಗಾಲದ ಹೊತ್ತಿಗೆ ಅದೆಲ್ಲ ಕರಗಿ, ಕೈಯಿಟ್ಟರೆ ಕಪ್ಪಗೆ ಪುಡಿಪುಡಿ ಮಣ್ಣು.

ಕಾಂಡಕ್ಕೆ ತಾಗದ ಹಾಗೆ ನಾಲ್ಕು ಅಂಗುಲ ಬಿಡಿ. ತಿಂಗಳಿಗೊಮ್ಮೆ ಹೊದಿಕೆ ಎತ್ತಿ ಗೆದ್ದಲು ಇದೆಯಾ ನೋಡಿ.

ಇನ್ನೊಂದು ಮಾತು. ಮರ ಸ್ವಲ್ಪ ದೊಡ್ಡದಾದ ಕೂಡಲೇ ಬುಡಕ್ಕೆ ಸಿಮೆಂಟ್ ಕಟ್ಟೆ ಕಟ್ಟಿ, ಒಳಗೆ ಎರಡಡಿ ಮಣ್ಣು ತುಂಬಿ, ಮೇಲೆ ಟೈಲ್ಸ್ ಹಾಕುವ ರೂಢಿ ಬಂದಿದೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಕಾಂಡದ ತೊಗಟೆ ಮಣ್ಣಿನೊಳಗೆ ಇರಲು ಆಗಿದ್ದಲ್ಲ, ಅದು ಕೊಳೆಯುತ್ತದೆ. ಬೇರಿಗೆ ಗಾಳಿ, ನೀರು ಎರಡೂ ನಿಲ್ಲುತ್ತವೆ. ಕೂರಲು ಕಲ್ಲು ಚಪ್ಪಡಿ ಬೇಕಾದರೆ ಮರದಿಂದ ನಾಲ್ಕಡಿ ದೂರ ಹಾಕಿ. ಬುಡದ ಸುತ್ತ ನಾಲ್ಕಡಿಗೆ ನಾಲ್ಕಡಿ ಮಣ್ಣು ಸಿಮೆಂಟು, ಟೈಲ್ಸ್ ಇಲ್ಲದೆ ತೆರೆದೇ ಇರಲಿ.

ಆಸರೆ, ಬೇಲಿ, ಕತ್ತರಿ

ಗಾಳಿಗೆ ಅಲುಗುತ್ತಿದ್ದರೆ ಎರಡು ಬಿದಿರಿನ ಗಳ ನೆಟ್ಟು ಸೆಣಬಿನ ದಾರವನ್ನು ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ವರ್ಷ ತುಂಬಿದ ಮೇಲೆ ಬಿಚ್ಚಿಬಿಡಿ. ತಂತಿ ಬೇಡ. ಮೇಕೆ, ಹಸುವಿನಿಂದ ಕಾಯಲು ಜಾಲಿ ಮುಳ್ಳು ಸುತ್ತಿದರೂ ಸರಿ, ಕಬ್ಬಿಣದ ಗಾರ್ಡ್ ಆದರೂ ಸರಿ. ಗಾರ್ಡ್ ಹಾಕಿದವರು ಅದನ್ನು ತೆಗೆಯುವುದನ್ನೂ ನೆನಪಿಟ್ಟುಕೊಳ್ಳಿ. ಕಂಬಿ ಕಾಂಡದೊಳಗೆ ಹೂತುಹೋದ ಎಷ್ಟೋ ಮರಗಳನ್ನು ರಸ್ತೆ ಬದಿಯಲ್ಲಿ ಕಾಣುತ್ತೇವೆ.

ಮೊದಲ ಮೂರು ವರ್ಷ ಕೆಳಗಿನ ಚಿಕ್ಕ ಕೊಂಬೆಗಳನ್ನು ಕತ್ತರಿಸುವ ಆತುರ ಬೇಡ. ಅವು ಇದ್ದರೇ ಕಾಂಡ ದಪ್ಪವಾಗುವುದು. ನಾಲ್ಕನೇ ವರ್ಷದಿಂದ ಮಳೆಗಾಲ ಮುಗಿದ ಮೇಲೆ ವರ್ಷಕ್ಕೆ ಒಂದೆರಡು ಅಂತ ಕೆಳಗಿನಿಂದ ತೆಗೆಯುತ್ತಾ ಬನ್ನಿ. ಏಳಡಿಯವರೆಗೆ ಕಾಂಡ ಬರಿದಾದರೆ ಕೆಳಗೆ ಓಡಾಡಲು ಸಲೀಸು. ತುದಿ ಎರಡಾಗಿ ಕವಲೊಡೆದರೆ ಒಂದನ್ನು ಬೇಗ ತೆಗೆಯಿರಿ. ಉಳಿದಂತೆ ಇದರ ಆಕಾರ ಇದೇ ನೋಡಿಕೊಳ್ಳುತ್ತದೆ. ಯಾವ ವರ್ಷವೂ ಕಾಲು ಭಾಗಕ್ಕಿಂತ ಜಾಸ್ತಿ ಎಲೆ ತೆಗೆಯಬೇಡಿ. ರಸ್ತೆ ಬದಿಯ ಮರವಾದರೆ ದೊಡ್ಡ ಕೊಂಬೆ ಮುಟ್ಟುವ ಮುಂಚೆ ಅನುಮತಿ ಕೇಳಿ. ಮರ ಕಡಿಯುವುದಕ್ಕೆ ನಮ್ಮಲ್ಲಿ 1976ರ ಮರಗಳ ಸಂರಕ್ಷಣಾ ಕಾಯ್ದೆ ಇದೆ.

ಗೊಬ್ಬರ ವರ್ಷಕ್ಕೊಮ್ಮೆ ಸಾಕು. ಮಳೆಗೆ ಮುಂಚೆ ಎರಡು ಬಾಂಡ್ಲಿ ಕೊಟ್ಟಿಗೆ ಗೊಬ್ಬರವನ್ನು ಕೊಂಬೆ ತುದಿಯ ನೇರಕ್ಕೆ ಸುತ್ತ ಹರಡಿ. ಬೇಗ ಬೆಳೆಯಲಿ ಅಂತ ಯೂರಿಯಾ ಹಾಕಬೇಡಿ. ಮೆತ್ತನೆ ಚಿಗುರು ಬಂದು ಹುಳ ಹತ್ತುತ್ತದೆ, ಬಿಸಿಲಿಗೂ ತಡೆಯುವುದಿಲ್ಲ.

ಹುಳ, ರೋಗ

ಇದಕ್ಕೆ ಕಾಟ ಕಡಿಮೆ. ಎಲೆಯ ಮೇಲೆ ಮಸಿ ಬಳಿದ ಹಾಗೆ ಕಪ್ಪು ಕಂಡರೆ ಎಲೆ ತಿರುಗಿಸಿ ನೋಡಿ. ಅಡಿಯಲ್ಲಿ ಹಿಟ್ಟು ತಿಗಣೆ ಅಥವಾ ಚಿಪ್ಪಿನ ಹಾಗೆ ಅಂಟಿಕೊಳ್ಳುವ ಶಲ್ಕ ಕೀಟ ಇರುತ್ತದೆ, ಇರುವೆ ಸಾಲೂ ಇರುತ್ತದೆ. ಮಸಿ ಬರುವುದು ಅವು ಸುರಿಸುವ ಅಂಟಿನ ಮೇಲೆ. ಪೈಪಿನಿಂದ ಜೋರಾಗಿ ನೀರು ಹೊಡೆದು ತೊಳೆಯಿರಿ. ಆಮೇಲೆ ಲೀಟರಿಗೆ 5 ಮಿ.ಲೀ. ಬೇವಿನ ಎಣ್ಣೆ, ನಾಲ್ಕೈದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಸಂಜೆ ಸಿಂಪಡಿಸಿ. ವಾರ ಬಿಟ್ಟು ಇನ್ನೊಂದು ಸಲ.

ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಗಡಸು ನೀರಿನಿಂದ ಬೇರಿಗೆ ಕಬ್ಬಿಣದ ಅಂಶ ಸಿಗುತ್ತಿಲ್ಲ. ಕಾಂಪೋಸ್ಟ್ ಹೆಚ್ಚಿಸಿ, ಮಳೆ ನೀರು ತಿರುಗಿಸಿ. ಕಾಂಡದ ಮೇಲೆ ಗೆದ್ದಲಿನ ಮಣ್ಣಿನ ದಾರಿ ಕಂಡರೆ ಪೊರಕೆಯಲ್ಲಿ ಕೆರೆದು ಬುಡಕ್ಕೆ ಬೇವಿನ ಹಿಂಡಿ ಕೊಡಿ. ಎಲೆ ಹೆಣೆದು ಬಲೆ ಕಟ್ಟುವ ಹುಳುವನ್ನು ಆ ರೆಂಬೆ ಸಮೇತ ಕಿತ್ತು ಹಾಕಿದರೆ ಆಯಿತು.

ಹೂವು, ಹಣ್ಣು, ಬೀಜ

ನಮ್ಮ ಮರ ಹೂ ಬಿಟ್ಟದ್ದು ಏಳನೇ ವರ್ಷ. ಒಂದು ಬೆಳಿಗ್ಗೆ ಅತ್ತೆ ಬಾಗಿಲಿಗೆ ನೀರು ಹಾಕಲು ಹೋದವರು ಹಾಗೇ ನಿಂತುಬಿಟ್ಟರು. "ಬಾ ಇಲ್ಲಿ, ವಾಸನೆ ನೋಡು" ಅಂದರು. ನೆಲದ ಮೇಲೆ ಎಂಟೋ ಹತ್ತೋ ಹೂ ಬಿದ್ದಿದ್ದವು. ಉಗುರಗಲದ ಹಾಲು ಬಣ್ಣದ ನಕ್ಷತ್ರ. ಎತ್ತಿ ಹಿಡಿದರೆ ನಡುವೆ ತೂತು. ಹೂ ಉದುರುವಾಗ ತೊಟ್ಟು ಮರದಲ್ಲೇ ಉಳಿದು ದಳದ ಬಳೆ ಮಾತ್ರ ಬೀಳುವುದರಿಂದ ಹಾಗೆ. ಸೂಜಿಯೇ ಬೇಡ, ಬಾಳೆ ನಾರಿಗೆ ಹಾಗೇ ಪೋಣಿಸಬಹುದು. ಒಣಗಿದ ಮೇಲೂ ವಾಸನೆ ಹೋಗುವುದಿಲ್ಲ. ಅತ್ತೆಯ ರೇಷ್ಮೆ ಸೀರೆಗಳ ನಡುವೆ ಹೋದ ವರ್ಷದ ಸರ ಇನ್ನೂ ಇದೆ.

ಹೂ ಬೇಕು ಅನ್ನುವವರು ರಾತ್ರಿ ಮರದ ಕೆಳಗೆ ಹಳೇ ಹತ್ತಿ ಸೀರೆ ಹಾಸಿಡಿ. ಬಿಸಿಲು ಏರುವ ಮುಂಚೆ ಮಡಚಿ ಒಳಗೆ ತನ್ನಿ.

ಹಣ್ಣು ಕಿತ್ತಳೆ ಬಣ್ಣಕ್ಕೆ ಬಂದಾಗ ಹಕ್ಕಿ, ಬಾವಲಿ ಬರುತ್ತವೆ. ತಿನ್ನಬಹುದು, ಹಿಟ್ಟು ಹಿಟ್ಟಾಗಿ, ಸಿಹಿಯ ಹಿಂದೆ ಒಗರು. ಒಳಗೆ ಸಾಮಾನ್ಯವಾಗಿ ಕಂದು ಬಣ್ಣದ, ಹೊಳೆಯುವ ಒಂದೇ ಬೀಜ ಇರುತ್ತದೆ. ಸಸಿ ಮಾಡುವವರು ಬಿದ್ದ ಹಣ್ಣನ್ನೇ ಆರಿಸಿ. ತಿರುಳು ತೊಳೆದು, ಬೀಜವನ್ನು ಒಂದು ದಿನ ನೀರಲ್ಲಿ ನೆನೆಸಿ, ಒಣಗಲು ಬಿಡದೆ ಬಿತ್ತಿ. ಕೆಂಪು ಮಣ್ಣು, ಮರಳು, ಗೊಬ್ಬರ ಸಮ ಪಾಲು ತುಂಬಿದ ಚೀಲದಲ್ಲಿ ಅರ್ಧ ಅಂಗುಲ ಆಳ ಸಾಕು. ಅರೆ ನೆರಳಿನಲ್ಲಿಟ್ಟು ತೇವ ಆರದಂತೆ ನೋಡಿಕೊಳ್ಳಿ.

ಸಿಪ್ಪೆ ಗಟ್ಟಿ, ಎಲ್ಲ ಒಟ್ಟಿಗೆ ಮೊಳೆಯುವುದಿಲ್ಲ. ನಾನು ಹೋದ ವರ್ಷ ಇಪ್ಪತ್ತು ಬೀಜ ಹಾಕಿದ್ದೆ. ಮೊದಲನೆಯದು ನಾಲ್ಕನೇ ವಾರ ತಲೆ ಎತ್ತಿತು. ಎರಡು ತಿಂಗಳಾದರೂ ಆರೇ ಸಸಿ. ಇನ್ನು ಬರುವುದಿಲ್ಲ ಅಂತ ಉಳಿದ ಚೀಲದ ಮಣ್ಣನ್ನು ದಾಸವಾಳದ ಕುಂಡಕ್ಕೆ ಸುರಿಯಲು ಹೋಗಿದ್ದೆ, ಅತ್ತೆ ಬಿಡಲಿಲ್ಲ. ಮೂರು ತಿಂಗಳು ತುಂಬುವಷ್ಟರಲ್ಲಿ ಇನ್ನೂ ಐದು ಬಂದವು. ಈಗ ಹನ್ನೊಂದೂ ಗೇಣುದ್ದ ಇವೆ. ಮುಂದಿನ ಮಘ ಮಳೆಯ ಹೊತ್ತಿಗೆ ಅವನ್ನು ಎಂಟು ಹನ್ನೆರಡರ ಚೀಲಕ್ಕೆ ಬದಲಿಸಬೇಕು.